ಚಿತೆಯೊಳಗಿನ ಮಾಣಿಕ

ಕಲ್ಮೇಶ ಸ್ಮಶಾನಕ್ಕೆ ಸಾಣಿಗೆ ತಂದಿದ್ದ. ಅವ್ವ ಮಾಯಕ್ಕ ದಿನಾ ಜೋಳದ ಹಿಟ್ಟು ಸೋಸುತ್ತಿದ್ದ ಸಾಣಿಗೆ ಅದು. ಅದರೊಳಗೆ ಅವಳದೇ ಬೂದಿ ಸುರಿದು ಅಲ್ಲಾಡಿಸತೊಡಗಿದಾಗ, ಅಕ್ಕ ನೀಲಾ ಅವನ ರಟ್ಟೆ ಹಿಡಿದಳು.

"ಏನ್ ಹುಡುಕಾಕತ್ತೀಯೋ?"

"ಹರಳು ಅಕ್ಕಾ. ಅವ್ವನ ಉಂಗುರದ್ದು."

ಥೂ, ಎಂಥ ಮೂಳನಪ್ಪಾ ಇವನು. ನಿನ್ನೆ ಖಾನಾಪುರದ ಮನೆಯ ಅಂಗಳದಲ್ಲಿ ಹೆಣದ ಬೆರಳಿನಿಂದ ಕೆಂಪು ಹರಳಿನ ಬೆಳ್ಳಿ ಉಂಗುರ ತೆಗೆಯಲು ಹೆಂಗಸರು ಹೋದಾಗ, "ಬ್ಯಾಡ್ರಿ, ಅಕೀದು ಅಕೀ ಸಂಗಾಟನ ಹೋಗಲಿ" ಎಂದು ತಡೆದವನು ಇದೇ ಕಲ್ಮೇಶ. ಓಣಿಗೆ ಓಣಿಯೇ ಕಣ್ಣೊರೆಸಿಕೊಂಡಿತ್ತು. ಬೆಳಗಾವಿಯಿಂದ ಟ್ರ್ಯಾಕ್ಸ್ ಹಿಡಿದು ಓಡಿಬಂದ ನೀಲಾ ತಮ್ಮನನ್ನು ಅಪ್ಪಿಕೊಂಡು ಅತ್ತಿದ್ದಳು.

ಈಗ ಅವನೇ ನಾಚಿಕೆಯಿಲ್ಲದೆ ಬಾಯಿಬಿಟ್ಟ. ಚಿನ್ನಬೆಳ್ಳಿ ಕೆಲಸದ ಪತ್ತಾರನೊಬ್ಬ ಇವನ ತಲೆಯಲ್ಲಿ ತುಂಬಿದ್ದನಂತೆ: ಖರೇ ಮಾಣಿಕ ಬೆಂಕಿಗೆ ಜಗ್ಗುವುದಿಲ್ಲ, ಸುಟ್ಟರೆ ಬಣ್ಣ ಇನ್ನೂ ಏರುತ್ತದೆ, ಸುಳ್ಳು ಹರಳಾದರೆ ಒಡೆಯುತ್ತದೆ. ಜೀವ ಇರುವತನಕ ಅವ್ವ ಉಂಗುರ ಬಿಚ್ಚಿಕೊಡಲಿಲ್ಲ. ಹಾಗಾಗಿ ಅವಳ ಚಿತೆಯನ್ನೇ ಕುಲುಮೆ ಮಾಡಿಕೊಂಡಿದ್ದ.

"ಹೆಂಗೂ ಬೆಂಕಿ ಹಚ್ಚಾವ್ರ ಇದ್ವಲ್ಲ," ಎಂದ.

ಸೋದರಮಾವ ಭರಮಣ್ಣ ಹಾಲಿನ ತಂಬಿಗೆ ಹಿಡಿದು ಬದಿಗೆ ನಿಂತಿದ್ದ. ಮರುದಿನ ಮಗಳು ಹಾಲೆರೆದು ಎಲುಬು ತಣಿಸಿದ ಮೇಲೆಯೇ ಹೊಳೆಗೆ ಬಿಡುವುದು ಅವರ ಮನೆತನದ ರೂಢಿ. ನೀಲಾಗೆ ಬೇಕಿದ್ದದ್ದೂ ಅಷ್ಟೇ, ಅವ್ವನನ್ನು ತಣ್ಣಗೆ ಮಾಡಿ ಕಳಿಸುವುದು. ಈ ಪುಣ್ಯಾತ್ಮ ಬಿಟ್ಟರೆ ತಾನೆ.

ಕಲ್ಮೇಶ ಇಕ್ಕಳದಿಂದ ಎಲುಬು ಸರಿಸಿ ಕೆಂಡ ಕೆದರಿದ. ತಲೆಯ ಚಿಪ್ಪೊಂದು ಉರುಳಿತು, ಕಾಲಿನಿಂದ ತಡೆದ. ಇವನ ಒಡಹುಟ್ಟಿದವಳಾದೆನಲ್ಲ ಎಂದು ಅವಳಿಗೆ ತನ್ನ ಮೈಯ ಮೇಲೇ ಹೇಸಿಗೆ ಬಂತು.

"ಸಿಕ್ತು," ಎಂದ. ಇಕ್ಕಳದ ತುದಿಯಲ್ಲಿದ್ದ ಹರಳು ಕೆಂಪಾಗಿರಲಿಲ್ಲ, ಹಸಿರುಬೂದು ಬಣ್ಣಕ್ಕಿತ್ತು. "ಮಾಮಾ, ಬಣ್ಣನ ಹೋತಲ್ರಿ."

ಖರೇ ಮಾಣಿಕ ಹಾಲಲ್ಲಿಟ್ಟರೆ ಹಾಲು ಕೆಂಪಾಗುತ್ತದೆಂದು ಮಂದಿ ಹೇಳುವುದುಂಟು. ಭರಮಣ್ಣ ಬೇಡ ಎನ್ನುವಷ್ಟರಲ್ಲಿ ಕಲ್ಮೇಶ ಆ ಸುಡುವ ಹರಳನ್ನು ತಂಬಿಗೆಯೊಳಗೆ ಅದ್ದಿಬಿಟ್ಟ. ಚಟ್ ಎಂದಿತು. ಹಾಲು ಕೆಂಪಾಗಲಿಲ್ಲ, ಬೂದಿ ಬೆರೆತು ಕೊಳಕಾಯಿತು. ಕೈ ಹಾಕಿ ತೆಗೆದಾಗ ಹರಳು ಮತ್ತೆ ಕೆಂಪಾಗಿತ್ತು, ಆದರೆ ಎರಡು ಹೋಳಾಗಿತ್ತು.

"ಬಣ್ಣ ಬಂತು, ಆದ್ರ ಒಡೀತು. ನೀ ಕಾಲೇಜಿನ್ಯಾಗ ಕಲ್ಲಿನ ಪಾಠಾ ಹೇಳಾಕಿ ಅಕ್ಕಾ. ಖರೇನೋ ಸುಳ್ಳೋ ನೋಡು."

ಬೆಳಗಾವಿಯ ಟಿಳಕವಾಡಿಯ ಕಾಲೇಜೊಂದರಲ್ಲಿ ಖನಿಜಶಾಸ್ತ್ರ ಕಲಿಸುವ ನೀಲಾ ಹೋಳುಗಳನ್ನು ಅಂಗೈಯಲ್ಲಿಟ್ಟುಕೊಂಡಳು. ಗಾಜಾಗಿದ್ದರೆ ಕರಗಿ ಮುದ್ದೆಯಾಗುತ್ತಿತ್ತು. ಇದರ ಅಂಚುಗಳು ಇನ್ನೂ ಚೂಪಾಗಿದ್ದವು. ಅಲ್ಯುಮಿನಿಯಂ ಆಕ್ಸೈಡು, ಅದರಲ್ಲಿ ಚಿಟಿಕೆಯಷ್ಟು ಕ್ರೋಮಿಯಂ. ಗಡಸುತನದಲ್ಲಿ ವಜ್ರದ ನಂತರ ಇದೇ. ಕಾದಾಗ ಹಸಿರಾಗಿ, ಆರಿದಾಗ ಮತ್ತೆ ಕೆಂಪಾಗುವುದು ಅದರ ಗುಣ. ಒಡೆದದ್ದು ಬೆಂಕಿಗಲ್ಲ, ಈ ಮುಟ್ಠಾಳ ತಣ್ಣನೆಯ ಹಾಲಿಗೆ ಅದ್ದಿದ್ದಕ್ಕೆ. ಅವ್ವ ಹೇಳುತ್ತಿದ್ದದ್ದು ಖರೆ, ಅಪ್ಪಟ ಮಾಣಿಕ. ತಾನು ಖರೆ ಎಂದುಬಿಟ್ಟರೆ ಹೋಳುಗಳು ಇವನ ಕಿಸೆಗೆ, ಉಳಿದ ಚೂರಿಗಾಗಿ ಅವ್ವ ಮತ್ತೆ ಸಾಣಿಗೆಗೆ.

"ಗಾಜು," ಎಂದಳು.

ಕಲ್ಮೇಶ ಹೋಳುಗಳನ್ನು ಕಸಿದು ಬೂದಿಗೆ ಎಸೆದ. "ಜನ್ಮಾ ಪೂರ್ತಿ ಮಾಣಿಕ ಮಾಣಿಕ ಅಂತ ಸುಳ್ಳ ಹೇಳಿ ಆಡ್ಸಿದ್ಳ ಮುದುಕಿ," ಎಂದು ಎಲುಬಿನ ಬಾಜೂಕೇ ಉಗುಳಿದ.

"ಇನ್ನೇನೇನ್ ಸುಳ್ಳ ಹೇಳಿದ್ಳೋ, ಯಾರಿಗ್ಗೊತ್ತು," ಎಂದ ಭರಮಣ್ಣ.

ನೀಲಾಗೆ ಮೈಯೆಲ್ಲ ಉರಿಯಿತು. ಅವ್ವ ಸುಳ್ಳು ಹೇಳಿಲ್ಲ ಎನ್ನಲು ಬಾಯಿ ತೆರೆದಳು. ಸಾಣಿಗೆ ಇನ್ನೂ ತಮ್ಮನ ಕೈಯಲ್ಲೇ ಇತ್ತು. ಬಾಯಿ ಮುಚ್ಚಿಕೊಂಡಳು.

ಬೇರೆ ಹಾಲಿರಲಿಲ್ಲ. ಆ ಕೊಳಕು ಹಾಲನ್ನೇ ಎರೆದು, ಎಲುಬುಗಳ ಜೊತೆ ಎರಡು ಹೋಳುಗಳನ್ನೂ ಆರಿಸಿ ಬಟ್ಟೆಯಲ್ಲಿ ಕಟ್ಟಿದಳು. ತನ್ನ ಮಾಣಿಕದ ಜೊತೆಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಂದಲೇ ಸುಳ್ಳುಗಾತಿ ಎನಿಸಿಕೊಂಡು, ಮಾಯಕ್ಕ ಮಲಪ್ರಭೆಗೆ ಇಳಿದಳು.