ಮೂಲೆ ಕೊಯ್ಯುವವರು

ನನ್ನ ಗಂಡ ಹೂವಪ್ಪ ನಮ್ಮ ಕೊಯ್ಲಿನ ತಂಡಕ್ಕೆ ಮೇಸ್ತ್ರಿ. ಮೊದಲ ಹಿಡಿ ಅವನು ಕೊಯ್ಯದೆ ಬೇರೆ ಯಾರೂ ಗದ್ದೆಗೆ ಕುಡುಗೋಲು ಹಾಕುವಂತಿರಲಿಲ್ಲ. ಮನೆಯಲ್ಲಿ ಒಂದು ಲೋಟ ತೊಳೆದಿಡದ ಗಂಡಸಿಗೆ ಗದ್ದೆಯಲ್ಲಿ ದೊರೆಯ ಗತ್ತು. ಪ್ರತಿ ವರ್ಷ ಕುಂಸಿ ಕಡೆಯಿಂದ ಹನ್ನೆರಡು ಜನ ಗಂಟು ಕಟ್ಟಿಕೊಂಡು ಹೊರಟು, ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಹೊಳೆಹೊನ್ನೂರಿನಿಂದ ಭದ್ರಾವತಿವರೆಗೆ ಊರಿಂದೂರಿಗೆ ಕೊಯ್ಯುತ್ತಾ ಹೋಗುತ್ತಿದ್ದೆವು. ಕೂಲಿಗೆ ಸಿಕ್ಕ ಭತ್ತವೇ ಮುಂದಿನ ಮಳೆಗಾಲದ ಅನ್ನ.

ಆ ವರ್ಷ ಹೊಳೆಹೊನ್ನೂರಿನ ಚಂದ್ರಶೇಖರಪ್ಪನವರ ಗದ್ದೆ ಹತ್ತಿರ ನಮಗಿಂತ ಮೊದಲೇ ಕೊಯ್ಲಿನ ಮಿಷನ್ನು ಬಂದು ನಿಂತಿತ್ತು. ತಮಿಳುನಾಡಿನ ಡ್ರೈವರ್ ಸೆಲ್ವಂ ಅದನ್ನು ಒರೆಸುತ್ತಿದ್ದ. ಯಜಮಾನರು ನಮಗೆಲ್ಲ ಚಹಾ ಕೊಡಿಸಿದರು. ಕೆಲಸ ಇದ್ದ ವರ್ಷ ಅವರು ಎಂದೂ ಚಹಾ ಕೊಡಿಸಿದವರಲ್ಲ.

ಅಷ್ಟು ದೊಡ್ಡ ಮಿಷನ್ನಿಗೆ ಗದ್ದೆಯ ಮೂಲೆಯಲ್ಲಿ ತಿರುಗಲು ಬರುವುದಿಲ್ಲವಂತೆ. ಮೂಲೆಗಳನ್ನು ಮೊದಲು ಕೈಯಲ್ಲಿ ಕೊಯ್ದು ಜಾಗ ಮಾಡಿಕೊಡಬೇಕು, ಇಬ್ಬರು ಸಾಕು ಎಂದ ಸೆಲ್ವಂ. ಇಲ್ಲಿನ ಗದ್ದೆಗಳೇ ಸಣ್ಣವು ಎಂದು ಬೇರೆ ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ನಕ್ಕೆ. ನಮ್ಮವರು ಯಾರೂ ನಗಲಿಲ್ಲ.

ಹೂವಪ್ಪ ಒಪ್ಪಲಿಲ್ಲ. ಆಗ ಚಂದ್ರಶೇಖರಪ್ಪನವರು ಭದ್ರಾವತಿ ಹತ್ತಿರದ ತಮ್ಮ ಭಾವಮೈದನ ಗದ್ದೆಯ ಮಾತು ತೆಗೆದರು. ನಾಲೆಯ ಕೆಳಗಿನ ತಗ್ಗು, ಸದಾ ಜವುಗು. ಮಿಷನ್ನು ಇಳಿದರೆ ಹೂತುಹೋಗುತ್ತದೆ, ಕೈಯಲ್ಲೇ ಕೊಯ್ಯಬೇಕು. ಹೂವಪ್ಪನ ಮುಖಕ್ಕೆ ಕಳೆ ಬಂತು. ಮೂಲೆಗೆ ನಾವಿಬ್ಬರು, ಗಂಡ ಹೆಂಡತಿ, ಉಳಿಯುವುದೆಂದು ಒಪ್ಪಿ, ತನ್ನ ಅಕ್ಕ ಮಾಸ್ತಮ್ಮನ ಜೊತೆ ಉಳಿದವರನ್ನೆಲ್ಲ ಅಲ್ಲಿಗೆ ಹೊರಡಿಸಿದ.

"ಆ ಗದ್ದೆ ಯಾರೂ ಕಿತ್ಕೊಳ್ಳಕ್ಕಾಗಲ್ಲ ಅಕ್ಕ. ನೀವು ನಡೀರಿ, ಇಲ್ಲಿನ ಮೂಲೆ ಮುಗಿಸಿ ಬಂದುಬಿಡ್ತೀನಿ," ಎಂದ.

ಮರುದಿನವೇ ಹೊರಡಬೇಕಿತ್ತು. ಆದರೆ ಸೆಲ್ವಂಗೆ ನಮ್ಮಿಬ್ಬರ ಕೆಲಸ ಹಿಡಿಸಿತು. ಪಕ್ಕದ ಗದ್ದೆ, ಅದರಾಚೆಯದು, ಆಮೇಲೆ ಪಕ್ಕದ ಊರು. ಹನ್ನೆರಡು ಜನ ದಿನಗಟ್ಟಲೆ ಬೆನ್ನು ಬಗ್ಗಿಸುತ್ತಿದ್ದ ಗದ್ದೆ ಮಧ್ಯಾಹ್ನದ ಊಟದೊಳಗೆ ಬೋಳಾಗುತ್ತಿತ್ತು. ಅಕ್ಕ ಕಾಯುತ್ತಿರುತ್ತಾಳೆ ಎಂದು ನಾನು ದಿನಾ ಜಗಳ ತೆಗೆದೆ. ಜವುಗು ಗದ್ದೆ ಎಲ್ಲಿಗೂ ಓಡಿಹೋಗಲ್ಲ ಮಾರಾಯ್ತಿ ಎನ್ನುತ್ತಿದ್ದ. ನಾನೂ ನಂಬಿದೆ. ಕೂಲಿ ಸಿಗುತ್ತಿರುವಾಗ ನಂಬುವುದು ಸುಲಭ.

ಕೊನೆಗೆ ಸೆಲ್ವಂಗೆ ಭದ್ರಾವತಿ ಕಡೆಯಿಂದಲೇ ಕರೆ ಬಂತು. ಒಳ್ಳೆಯದೇ ಆಯಿತು ಎಂದು ನಾವು ಮಿಷನ್ನಿನ ಮೇಲೆ ಕುಳಿತು ಹೊರಟೆವು. ನಾಲೆ ದಾಟಿ ಅದು ತಗ್ಗಿಗೆ ತಿರುಗಿದಾಗ ಬದುವಿನ ಮೇಲೆ ಸಾಲಾಗಿ ಕುಳಿತ ನಮ್ಮವರು ಕಂಡರು. ಅವರ ಹಿಂದೆ ಗದ್ದೆ ಇದ್ದ ಹಾಗೇ ಇತ್ತು, ಒಂದು ತೆನೆಯೂ ಕೊಯ್ದಿರಲಿಲ್ಲ. ಹೂವಪ್ಪ ನಿಲ್ಲಿಸು ಎಂದು ಸೆಲ್ವಂನ ಭುಜ ಹಿಡಿದ. ಗದ್ದೆಯ ಯಜಮಾನ ಮಾತ್ರ ಬರಲಿ, ಬರಲಿ ಎಂದು ಕೈ ಬೀಸುತ್ತಿದ್ದ.

ಮಾಸ್ತಮ್ಮ ಎದ್ದು ಬಂದಳು.

"ತೆನೆ ನೆನೀಬಾರ್ದು ಅಂತ ಬದು ಕಡಿದು ನೀರು ಬಸಿದ್ವಿ ಕಣೋ. ಕೊಯ್ಯೋ ಮುಂಚೆ ಯಾವಾಗ್ಲೂ ಬಸೀತೀವಲ್ಲ, ಹಂಗೇ. ಮೊದಲ ಹಿಡಿಗೆ ನೀನು ಬರ್ತೀಯ ಅಂತ ಕಾದ್ವಿ. ಬಿಸಿಲಿಗೆ ನೆಲ ಗಟ್ಟಿಯಾಯ್ತು. ಯಜಮಾನ್ರು ಕಾಲೂರಿ ನೋಡಿ ಮಿಷನ್ ಕರೆಸಿದ್ರು," ಎಂದಳು. ಅವಳು ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಹೂವಪ್ಪ ಯಜಮಾನನಿಗೆ ಕೈ ಮುಗಿದು, ಅರ್ಧ ಗದ್ದೆಯನ್ನಾದರೂ ನಮ್ಮವರಿಗೆ ಬಿಡಿ ಎಂದು ಬೇಡಿದ. ಆತ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮೂಲೆ ಕೊಯ್ಯುವವರು ಯಾರು ಎಂದು ಸೆಲ್ವಂನನ್ನು ವಿಚಾರಿಸಿದ. ಸೆಲ್ವಂ ನಮ್ಮಿಬ್ಬರನ್ನು ತೋರಿಸಿದ. ಹೂವಪ್ಪ ತನ್ನ ಕುಡುಗೋಲನ್ನು ಅಕ್ಕನ ಕಡೆ ಚಾಚಿದ.

ಅವಳು ಮುಟ್ಟಲಿಲ್ಲ. "ಮೂಲೇಲಿ ಹತ್ತು ಜನಕ್ಕೆ ಏನು ಸಿಗುತ್ತೆ? ನೀವಿಬ್ರಾದ್ರೂ ಉಣ್ಣಿ," ಎಂದು ಗಂಟು ಎತ್ತಿಕೊಂಡಳು.

ಅವರು ನಾಲೆಯ ಏರಿ ಹತ್ತಿ ಮರೆಯಾಗುವವರೆಗೂ ಹೂವಪ್ಪ ತಲೆ ತಗ್ಗಿಸಿ ನಿಂತಿದ್ದ. ಸೆಲ್ವಂ ಹಾರನ್ ಹೊಡೆದ. ನಾವಿಬ್ಬರೂ ಮೂಲೆಗೆ ಇಳಿದೆವು. ನಮ್ಮವರು ನೀರು ಚೆನ್ನಾಗಿಯೇ ಬಸಿದಿದ್ದರು. ಕಾಲಿಗೆ ಒಂಚೂರೂ ಕೆಸರು ಹತ್ತಲಿಲ್ಲ.