ವಿಮೆಯಿಲ್ಲದ ಅರ್ಜಿದಾರ

"ಈ ಜಿಂಕೆ ನನ್ನ ನೋಡ್ತಾನೇ ಇಲ್ವಲ್ಲೋ," ಎಂದ ಗೆಳೆಯ ರಾಯ್ಸ್, ತಾನು ಬೇಟೆಯಾಡಿದ್ದ ಜಿಂಕೆಯ ತಲೆಯನ್ನು ಅಂಗಡಿಯ ಗೋಡೆಗೆ ತೂಗುಹಾಕಿ ಹಿಂದೆ ಸರಿಯುತ್ತ. "ಒಂದು ಕಣ್ಣು ನನ್ನ ಕಡೆ, ಇನ್ನೊಂದು ಇಲಿನಾಯ್ ಕಡೆ!"

ಮರ್ಲ್ ನಕ್ಕ. ಬೇಟೆಗಾರರು ತಂದ ಜಿಂಕೆತಲೆಗಳಿಗೆ ಹೊಟ್ಟು ತುಂಬಿ ಗಾಜಿನ ಕಣ್ಣು ಕೂರಿಸುವುದರಲ್ಲಿ ದಕ್ಷಿಣ ಮಿಸೌರಿಯಲ್ಲೇ ಅವನನ್ನು ಮೀರಿಸುವವರಿರಲಿಲ್ಲ. ಒಂದು ಕಣ್ಣು ಸೊಟ್ಟಗಿರುವುದು ಅವನಿಗೆ ಈಗಲೂ ಕಾಣುತ್ತಿರಲಿಲ್ಲ. ಗಲ್ಲಾದ ಹಿಂದಿದ್ದ ಹೆಂಡತಿ ನಡೀನಳಿಗೆ ಕಂಡಿತು. ಕೆಲವು ವಾರಗಳಿಂದ ಅವನು ಬಾಗಿಲಿಗೆ ಎಡಭುಜ ಬಡಿದುಕೊಳ್ಳುತ್ತಿದ್ದ, ತಲೆನೋವೆಂದು ಹಗಲಲ್ಲೇ ಮಲಗುತ್ತಿದ್ದ. ತಲೆಯ ಸ್ಕ್ಯಾನ್ ಬೇಗ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಸ್ಕ್ಯಾನು, ಆಮೇಲಿನ ಆಪರೇಷನ್ನು ಎಂದರೆ ಅಂಗಡಿ, ಮನೆ ಎರಡನ್ನೂ ಮಾರಿದರೂ ಸಾಲದು.

ವಿಮೆಯೇನೋ ಬಾಗಿಲಿಗೇ ಬಂದು ನಿಂತಿತ್ತು. ನಡೀನಳಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಸಂಜೆಯೊಳಗೆ ಹೂಂ ಅಂದರೆ ಗಂಡನಿಗೂ ಸೋಮವಾರದಿಂದ ವಿಮೆ.

ಆದರೆ ಎಲ್ಲರೂ ಆರೋಗ್ಯ ವಿಮೆ ಕೊಳ್ಳಲೇಬೇಕೆಂಬ ಹೊಸ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟಿಗೆ ಹೋಗಿದ್ದ ಮೊಕದ್ದಮೆಯ ಅರ್ಜಿದಾರ ಈ ಮರ್ಲ್. "ಉಸಿರಾಡ್ತಿದೀನಿ ಅನ್ನೋ ಒಂದೇ ಕಾರಣಕ್ಕೆ ಇದನ್ನ ಕೊಂಡ್ಕೋ ಅನ್ನೋ ಅಧಿಕಾರಾನ ಸಂವಿಧಾನ ವಾಷಿಂಗ್ಟನ್ ಸರ್ಕಾರಕ್ಕೆ ಕೊಟ್ಟಿಲ್ಲ" ಎಂದು ಅವನು ಚರ್ಚಿನಲ್ಲಿ ಹೇಳಿದಾಗ ಊರೇ ಎದ್ದುನಿಂತು ಚಪ್ಪಾಳೆ ತಟ್ಟಿತ್ತು. ನಡೀನಳೂ ತಟ್ಟಿದ್ದಳು. ಆ ಮಾತು ಅವಳಿಗೆ ಈಗಲೂ ಸರಿಯೆನಿಸುತ್ತದೆ. ಅವಳ ಸಂಕಟವೆಲ್ಲ ಅದೇ.

ಫೋನು ಬಂತು. ಮೊಕದ್ದಮೆಯ ವಕೀಲ ಪ್ರೆಂಟಿಸ್. ಎಲ್ಲರಿಗೂ ಕೇಳಲೆಂದು ಮರ್ಲ್ ಸ್ಪೀಕರ್ ಹಾಕಿದ. ಬೆಳಿಗ್ಗೆ ನಡೀನಳೇ ಅವನಿಗೆ ಎಲ್ಲ ಹೇಳಿದ್ದಳು.

"ನೋಡು ಮರ್ಲ್, ನಿನಗೆ ವಿಮೆ ಬಂದ ದಿನಾನೇ ಜಡ್ಜು 'ನಿನಗೇನಪ್ಪ ನಷ್ಟ' ಅಂತ ಕೇಳ್ತಾರೆ. ಕೇಸು ಅಲ್ಲಿಗೇ ಬಿತ್ತು. ತೀರ್ಪಿನವರೆಗೂ ಹೀಗೇ ಇದ್ಬಿಡು."

"ತೀರ್ಪು ಯಾವಾಗ?" ನಡೀನ್ ಕೇಳಿದಳು.

"ಈ ಬೇಸಿಗೆಗೆ ಬರಬಹುದು. ಇಲ್ಲಾಂದ್ರೆ ಬರೋ ಬೇಸಿಗೆ. ಬಲವಂತ ಏನಿಲ್ಲಮ್ಮ, ನಿಮ್ಮಿಷ್ಟ."

ರಾಯ್ಸ್ ಸೊಟ್ಟಗಣ್ಣಿನ ಜಿಂಕೆತಲೆಯನ್ನು ಗೋಡೆಯಿಂದ ಇಳಿಸಿ, ಹಾಗೇ ಕಂಕುಳಿಗೇರಿಸಿಕೊಂಡು ಮರ್ಲ್‌ನ ಬೆನ್ನು ತಟ್ಟಿದ. "ಹೆದರ್ಬೇಡ ಕಣೋ, ನಾವಿಲ್ವಾ? ಹೆಚ್ಚುಕಮ್ಮಿ ಆದ್ರೆ ಅಗ್ನಿಶಾಮಕ ದಳದ ಶೆಡ್ಡಲ್ಲಿ ಮೀನು ಕರಿದು, ಊರಿಗೆಲ್ಲ ಊಟ ಹಾಕಿ ಚಂದಾ ಎತ್ತೋಣ. ದುಡ್ಡು ತಾನಾಗೇ ಸೇರುತ್ತೆ."

ಹೋದ ವರ್ಷ ಕಾಯಿಲೆ ಬಿದ್ದ ಬಡಗಿ ಕ್ಲೀಟಸ್‌ಗಾಗಿಯೂ ಅಲ್ಲೇ ಮೀನು ಕರಿದಿದ್ದರು. ಬಂದದ್ದು ಅವನ ಶವಪೆಟ್ಟಿಗೆಗೆ ಸರಿಹೋಗಿತ್ತು.

ರಾಯ್ಸ್ ಹೋದಮೇಲೆ ನಡೀನ್ ಕಾಫಿಗಿಟ್ಟಳು. "ಕೇಸಿಗೆ ಬೇರೆ ಯಾರದಾದ್ರೂ ಹೆಸರು ಹಾಕ್ಕೊಳ್ಳಲಿ ಬಿಡು."

"ಯಾರದು ಹಾಕ್ತಾರೆ? ರಾಯ್ಸ್‌ಗೆ ಕಾರ್ಖಾನೆ ವಿಮೆ ಇದೆ. ಪಾದ್ರಿಗಿದೆ. ಅವತ್ತು ಚಪ್ಪಾಳೆ ಹೊಡೆದವರಿಗೆಲ್ಲ ಎಲ್ಲಿಂದಲಾದ್ರೂ ಇದೆ ಕಣೆ. ನನ್ನಂಥೋನು ಸಿಗೋದು ಅವರಿಗೆ ಕಷ್ಟ."

ಅದನ್ನು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು.

"ಮರ್ಲ್, ನಾನು ಬೇಡ್ಕೋತೀನಿ. ನನಗೋಸ್ಕರ."

"ನೀನೂ ಬಲವಂತ ಮಾಡ್ಬೇಡ್ವೇ," ಎಂದ ಅವನು ಮೆಲ್ಲಗೆ. "ಕೊಟ್ಟ ಮಾತು. ಈಗ ಹಿಂದೆ ಸರಿದ್ರೆ ಯಾರ ಮುಖ ನೋಡಲಿ? ನಿನ್ನೊಬ್ಬಳದೇ ಮಾಡಿಸ್ಕೋ."

ನಡೀನ್ ಒಲೆ ಆರಿಸಿದಳು. ಆಮೇಲೆ ಶಾಲೆಗೆ ಫೋನು ಮಾಡಿದಳು.

"ನಿಮ್ಮ ಯಜಮಾನ್ರಿಗೆ ಬೇಡ್ವಾ?" ಎಂದಿತು ಆ ಕಡೆಯ ದನಿ.

"ಬೇಡವಂತೆ. ನನ್ನೊಬ್ಬಳದೇ," ಎಂದಳು.

ಕಾಫಿ ಬಗ್ಗಿಸಿ, ಅಭ್ಯಾಸದಂತೆ ಅವನ ಮುಂದಿಟ್ಟು ಎದುರಿಗೆ ಕೂತಳು. ಮರ್ಲ್ ಮೇಜನ್ನೊಮ್ಮೆ ನೋಡಿದ.

"ಕಾಫಿ ಎಲ್ಲೇ?"

ಲೋಟ ಅವನ ಎಡಗೈ ಪಕ್ಕದಲ್ಲೇ ಹಬೆಯಾಡುತ್ತಿತ್ತು.

"ಇರು, ತರ್ತೀನಿ," ಎಂದು ನಡೀನ್ ಅದನ್ನು ಸದ್ದಾಗದ ಹಾಗೆ ಎತ್ತಿ, ಅವನ ಬಲಗೈ ಪಕ್ಕ ಇಟ್ಟಳು.