ಹೊಟ್ಟೆ ದಾಟಿದ ಮೇಲಿನ ಬೆಣೆ

ಕಲ್ಲು ಒಡೆಯುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾದ ಜಾಗದಲ್ಲಿ, ನಮ್ಮ ಬೀದಿಯ ಹಿಂದೆ, ಒಂದು ಬಂಡೆಯಿದೆ. ಎತ್ತರವೇನೂ ಇಲ್ಲ. ಅದನ್ನು ಹತ್ತುವುದೂ ಇಲ್ಲ, ಅಡ್ಡ ದಾಟುವುದು. ಕೈಗೊಂದು ಬಿರುಕು, ಕಾಲಿಗೊಂದು ಅಂಚು. ಅಂಚು ನೆಲದಿಂದ ಆಳೆತ್ತರದಲ್ಲಿ ಎಡತುದಿಗೆ ಶುರುವಾಗಿ, ನಲವತ್ತು ಅಡಿ ಆಚೆ ಬಲಕ್ಕೆ ಒಂದು ಕಲ್ಲುಕಟ್ಟೆಯಲ್ಲಿ ಮುಗಿಯುತ್ತದೆ. ಹಲ್ಲಿಯ ಹಾಗೆ ಅಂಟಿಕೊಂಡು ಪಕ್ಕಕ್ಕೆ ಸರಿಯುತ್ತ ಹೋಗಬೇಕು. ನಡುವೆ ಬಂಡೆ ಹೊಟ್ಟೆ ಬಿಟ್ಟುಕೊಂಡಿದೆ. ಅಲ್ಲಿ ಬಿರುಕು ಮುಚ್ಚಿಹೋಗಿ ಕೈಗೆ ಸಿಗುವುದು ಎರಡೇ ಉಬ್ಬು.

ನನಗೆ ಅದು ಬರೀ ಬಂಡೆಯಾಗಿ ಎಂದೂ ಕಂಡಿಲ್ಲ. ಅಜ್ಜಿಯ ಪಕ್ಕ ಮಲಗಿ ಬೆಳೆದವಳು ನಾನು. ಅವಳ ಒಂದು ಕತೆಯಲ್ಲಿ ದೈತ್ಯನೊಬ್ಬ ದಾರಿಗೆ ಅಡ್ಡಲಾಗಿ ಮಲಗಿರುತ್ತಾನೆ, ಒಬ್ಬ ಹುಡುಗಿ ಉಸಿರು ಹಿಡಿದು ಅವನ ಹೊಟ್ಟೆಯ ಮೇಲಿಂದ ಆಚೆ ಹೋಗುತ್ತಾಳೆ. ಹೊಟ್ಟೆ ದಾಟಿದಳೋ, ಕತೆ ಮುಗಿಯಿತು. ಅಜ್ಜಿ ದೀಪ ಆರಿಸುತ್ತಿದ್ದಳು.

ಹೋದ ವರ್ಷ ಅಕ್ಕ "ಇಷ್ಟೇ ಎತ್ತರ ತಾನೆ" ಅಂತ ಹಗ್ಗವಿಲ್ಲದೆ ಹೊರಟಳು. ಹೊಟ್ಟೆಯ ಹತ್ತಿರ ಜಾರಿ, ಬಲಗಡೆ ಕೆಳಗೆ ಬಿದ್ದಿರುವ ಚೂಪಂಚಿನ ಚಪ್ಪಡಿಯ ಮೇಲೆ ಇಳಿದಳು. ಬಲಗಾಲಿನ ಹರಡು ಮುರಿಯಿತು. ಒಳಗೆ ಒಂದು ಪಟ್ಟಿ, ಆರು ಸ್ಕ್ರೂ. "ಇನ್ನೊಂದು ಸಲ ಮುರಿದರೆ ಕೂಡಿಸೋದು ಕಷ್ಟ" ಅಂದಿದ್ದರು ಮೂಳೆ ಡಾಕ್ಟರು. ಅಕ್ಕನಿಗೆ ಆ ಕಾಲೇ ಕೆಲಸ. ನಮ್ಮದು ಹಾಸಿಗೆ ಹೊಲಿಯುವ ಅಂಗಡಿ. ನಾನು ಫೋಮ್ ಕತ್ತರಿಸುತ್ತೇನೆ, ಅಕ್ಕ ದಪ್ಪ ಬಟ್ಟೆಯ ದೊಡ್ಡ ಮೆಷಿನ್ನಿನಲ್ಲಿ ಕೂತು ಬಲಗಾಲಿನಿಂದ ಪೆಡಲ್ ಒತ್ತುತ್ತಾಳೆ. ನಾಲ್ಕು ತಿಂಗಳು ಆ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದೆವು, ಹುಷಾರಿಲ್ಲದವರಿಗೆ ಹೊದಿಸಿದ ಹಾಗೆ.

ಮೊನ್ನೆ ದಿಂಬಿನ ಅಂಚು ಹೊಲಿಯುತ್ತ ತಲೆ ಎತ್ತದೆ ಅಂದಳು, "ಭಾನುವಾರ ಹೋಗೋಣ. ನೀನು ಮುಂದೆ, ನಾನು ಹಿಂದೆ."

"ನಾನಾ? ಮುಂದೆ ಯಾವತ್ತೂ ನೀನೇ ಅಲ್ವಾ?"

"ಈ ಸಲ ನಾನು ಕಾಲು ನೋಡ್ಕೊಂಡು ಬರ್ತೀನಿ. ಮಿಕ್ಕಿದ್ದೆಲ್ಲ ನೀನು ನೋಡ್ಕೋ."

ಭಾವ ಬಾಗಿಲಲ್ಲಿ ನಿಂತು ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚುತ್ತಿದ್ದರು. ಅವರು ಎಲೆಕ್ಟ್ರಿಷಿಯನ್, ಏಣಿಯ ನಾಲ್ಕನೇ ಮೆಟ್ಟಿಲಿಗೇ ತಲೆ ಸುತ್ತುತ್ತದೆ ಅವರಿಗೆ. "ಮಿಕ್ಕಿದ್ದೆಲ್ಲ ಅಂದ್ರೆ ನನ್ನನ್ನೂ ಸೇರಿಸಿಯಾ?" ಅಂದರು.

"ನೀವು ಹಾಸು ಹೊರ್ತೀರಿ," ಅಂದಳು ಅಕ್ಕ.

ಬಿದ್ದವರಿಗೆ ಪೆಟ್ಟಾಗದಿರಲಿ ಅಂತ ಬಂಡೆಯ ಕೆಳಗೆ ಹಾಕುವ ಆ ಹಾಸು ನಾವೇ ಹೊಲಿದದ್ದು. ಮೂರು ಪದರ ಫೋಮ್, ಎರಡು ಹಿಡಿ. ಭಾನುವಾರ ಬೆಳಿಗ್ಗೆ ಭಾವ ಅದನ್ನು ಬೆನ್ನಿಗೆ ಹಾಕಿಕೊಂಡು ಬೀದಿಯಲ್ಲಿ ನಡೆದರೆ ಹಾಸಿಗೆಗೇ ಕಾಲು ಬಂದ ಹಾಗಿತ್ತು.

ಬಂಡೆಯ ಬುಡದಲ್ಲಿ ಅಕ್ಕ ನನ್ನ ಗಂಟನ್ನು ಎರಡು ಸಲ ಎಳೆದು ನೋಡಿದಳು. ನನ್ನ ಸೊಂಟದ ಪಟ್ಟಿಯಲ್ಲಿ ಲೋಹದ ಬೆಣೆಗಳು ತೂಗುತ್ತಿದ್ದವು. ಬಿರುಕಿನಲ್ಲಿ ಬೆಣೆ ಸಿಕ್ಕಿಸಿ, ಅದರ ಕೊಂಡಿಗೆ ಹಗ್ಗ ಹಾಕಿ, ಮುಂದೆ ಹೋಗಬೇಕು. ಬಿದ್ದರೆ ಬೆಣೆ ಹಿಡಿಯುತ್ತದೆ. ಹಿಂದೆ ಬರುವವರು ಒಂದೊಂದೇ ಬೆಣೆ ಬಿಚ್ಚಿಕೊಂಡು ಬರುತ್ತಾರೆ.

"ತಗ್ಗಿನ ಬಂಡೆ ಅಂತ ಸಡಿಲ ಬಿಡಬೇಡ ಕಣೇ," ಅಂದಳು. "ಎತ್ತರದಲ್ಲಿ ಒಂದು ಮೊಳ ಸಡಿಲ ಇದ್ರೆ ಒಂದು ಮೊಳ ಗಾಳಿ. ಇಲ್ಲಿ ಅದೇ ಒಂದು ಮೊಳ ಅಂದ್ರೆ ನೆಲ."

ಹೊರಟೆ. ಅಕ್ಕ ಎಡತುದಿಯಲ್ಲಿ ನಿಂತು ಹಗ್ಗ ಹಿಡಿದಿದ್ದಳು. ಭಾವ ನನ್ನ ಕೆಳಗೇ ಹಾಸನ್ನು ಎಳೆದುಕೊಂಡು, ಮದುವೆ ಚಪ್ಪರದಲ್ಲಿ ಜಮಖಾನ ಹಾಸುವವರ ಗಾಂಭೀರ್ಯದಲ್ಲಿ ಬರುತ್ತಿದ್ದರು. "ನಾದಿನಿ ಅವರೇ, ಬೀಳೋ ಹಾಗಿದ್ರೆ ಮುಂಚೆ ಹೇಳಿಬಿಡಿ, ಜಾಗ ಮಾಡ್ಕೊಡ್ತೀನಿ."

"ನಿಮ್ಮ ತಲೆ ಮೇಲೇ ಬೀಳ್ತೀನಿ ಭಾವ, ಅದಕ್ಕಿಂತ ಮೆತ್ತಗಿರೋ ಜಾಗ ಇಲ್ಲ."

ಎರಡು ಬೆಣೆ ಹಾಕಿದೆ. ಹೊಟ್ಟೆಗೆ ಮೊದಲು ಮೂರನೆಯದನ್ನು, ಎಷ್ಟು ಮೇಲಕ್ಕೆ ಕೈ ಎಟುಕುತ್ತದೋ ಅಷ್ಟು ಮೇಲೆ, ಕಚ್ಚಿಸಿ ಎಳೆದು ನೋಡಿದೆ. ಅಲ್ಲಾಡಲಿಲ್ಲ. ಉಸಿರು ಬಿಗಿಹಿಡಿದೆ. ಎಡ ಉಬ್ಬು, ಬಲ ಉಬ್ಬು, ಕೆನ್ನೆಗೆ ತಣ್ಣನೆಯ ಕಲ್ಲು. ದೈತ್ಯ ಮಿಸುಕಲಿಲ್ಲ. ಬಲಗಾಲು ಅಗಲವಾದ ಅಂಚಿಗೆ ತಾಗಿತು.

ಆಮೇಲಿನದು ನಡೆದ ಹಾಗೇ ನೆನಪಿಲ್ಲ. ಅಂಚು ಮೆಟ್ಟಿಲಿನಷ್ಟು ಅಗಲ, ಬಿರುಕಿಗೆ ಇಡೀ ಕೈ ಹೋಗುತ್ತದೆ, ಮೇಲಿಂದ ಎಳೆಬಿಸಿಲು. ಹುಡುಗಿ ಗೆದ್ದು ಮನೆಗೆ ಹೋಗುವ ಹಾಗೆ ಹೋದೆ. ಕಟ್ಟೆ ಹತ್ತಿ, ಅಲ್ಲಿನ ದೊಡ್ಡ ಗುಂಡುಕಲ್ಲಿಗೆ ಪಟ್ಟಿ ಸುತ್ತಿ, ನನ್ನನ್ನು ಕಟ್ಟಿಕೊಂಡು ಕೂಗಿದೆ, "ಬಂದೆ ಅಕ್ಕಾ."

"ನಾನು ಬರ್ಲಾ ಹಾಗಾದ್ರೆ?"

ಹಗ್ಗ ಬಿಗಿಯಾಗಿ ಎಳೆದುಕೊಂಡೆ. ಆಗ ಕಂಡಿತು. ನನ್ನ ಸೊಂಟದಿಂದ ಹೊಟ್ಟೆಯಾಚೆಯ ಮೂರನೆಯ ಬೆಣೆಯವರೆಗೆ ಹಗ್ಗ ಬಟ್ಟೆ ಒಣಹಾಕುವ ತಂತಿಯ ಹಾಗೆ ನೆಟ್ಟಗೆ ನಿಂತಿತ್ತು. ನಡುವೆ ಏನೂ ಇಲ್ಲ. ಇಪ್ಪತ್ತು ಅಡಿ, ಒಂದು ಬೆಣೆಯೂ ಇಲ್ಲ.

ನನಗೆ ಬೇಕಾದದ್ದೆಲ್ಲ ಹಾಕಿಕೊಂಡಿದ್ದೆ. ಕಷ್ಟದ ಜಾಗಕ್ಕೆ ಮೊದಲು ಬೆಣೆ, ಅದು ನನ್ನನ್ನು ಕಾಯುತ್ತಿತ್ತು. ಆದರೆ ಅಕ್ಕ ಅದನ್ನು ಬಿಚ್ಚಿಯೇ ಹೊಟ್ಟೆಗೆ ಇಳಿಯಬೇಕು. ಅಲ್ಲಿ ಜಾರಿದರೆ ಹಗ್ಗ ಅವಳನ್ನು ಮೇಲಕ್ಕೆ ಹಿಡಿಯುವುದಿಲ್ಲ, ನನ್ನ ಕಡೆಗೆ, ಪಕ್ಕಕ್ಕೆ, ಕೆಳಕ್ಕೆ ಬೀಸುತ್ತದೆ. ಹಾಸು ಅವಳು ಜಾರಿದ ಜಾಗದ ಕೆಳಗಿರುತ್ತದೆ, ಅವಳು ಹಾಸಿನಾಚೆ ಇರುತ್ತಾಳೆ. ಅಲ್ಲಿರುವುದು ಅದೇ ಚಪ್ಪಡಿ.

ಸುಮ್ಮನಿದ್ದುಬಿಡಲೇ ಅನ್ನಿಸಿದ್ದು ನಿಜ. ಅಕ್ಕ ಜಾರದೆಯೂ ಇರಬಹುದಲ್ಲ.

"ಏನೇ, ಬರ್ಲಾ ಅಂದೆ. ನಿದ್ದೆ ಬಂತಾ?"

"ಬರಬೇಡ ಅಕ್ಕ. ತಪ್ಪು ಮಾಡಿದೀನಿ."

ಕೆಳಗೆ ಭಾವ ತಲೆ ಎತ್ತಿದರು. ನಾನು ಎಲ್ಲವನ್ನೂ ಹೇಳಿದೆ. ಅಕ್ಕ ಒಂದು ಹೆಜ್ಜೆ ಹಿಂದೆ ಬಂದು ಹಗ್ಗದ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದಳು, ಪರದೆಯ ಬಟ್ಟೆ ಅಳೆಯುವ ಹಾಗೆ.

"ನನಗೂ ಹೊಳೀಲಿಲ್ಲ," ಅಂದಳು ನಿಧಾನವಾಗಿ. "ನಿನ್ನ ಕಾಲೇ ನೋಡ್ತಾ ಇದ್ದೆ." ಆಮೇಲೆ ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಬಾ ವಾಪಸ್. ನಾನು ಹಿಡಿದಿದೀನಿ. ಅವಸರ ಇಲ್ಲ."

"ರೀ ಅಂತ ಕರೆದು ಹಾಸು ಆ ಕಡೆ ತಗೊಂಡೋಗಿ ಅನ್ನೋರು ಯಾರೂ ಇಲ್ವಾ?" ಅಂದರು ಭಾವ. ದನಿಯಲ್ಲಿ ತಮಾಷೆ ಇತ್ತು, ಮುಖದಲ್ಲಿ ಇರಲಿಲ್ಲ.

ಕಟ್ಟಿಕೊಂಡದ್ದನ್ನು ಬಿಚ್ಚಿ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದೆ. ಗೆದ್ದವಳ ನಡಿಗೆ ಈಗಿರಲಿಲ್ಲ. ಒಂದೊಂದು ಕಾಲನ್ನೂ ಕೇಳಿ ಕೇಳಿ ಇಟ್ಟೆ. ಅಕ್ಕ ಗೇಣುಗೇಣಾಗಿ ಸಡಿಲ ಎಳೆದುಕೊಳ್ಳುತ್ತಿದ್ದಳು. ಹೊಟ್ಟೆ ಮುಗಿದು ಬಿರುಕು ಮತ್ತೆ ಬಾಯಿ ಬಿಡುವ ಕಡೆ, ತುದಿಗಾಲಲ್ಲಿ ನಿಂತು, ತಲೆಗಿಂತ ಮೇಲೆ ಒಂದು ಬೆಣೆ ತೂರಿಸಿದೆ. ಸರಿಯಾಗಿ ಕಚ್ಚಲಿಲ್ಲ. ತೆಗೆದು ಇನ್ನೊಂದು ಅಳತೆಯದು ಹಾಕಿದೆ. ಎಳೆದೆ, ಜಗ್ಗಿದೆ, ನನ್ನ ಭಾರ ಬಿಟ್ಟೆ. ಅಲ್ಲಿಂದ ಕಟ್ಟೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಮತ್ತೊಂದು. ಅಜ್ಜಿಯ ಕತೆಯಲ್ಲಿ ಆ ಹುಡುಗಿಯ ಹಿಂದೆ ಯಾರೂ ಬರುತ್ತಿರಲಿಲ್ಲ ಅನ್ನುವುದು ಆಗ ಹೊಳೆಯಿತು.

ಈಗ ಅಕ್ಕನ ಸರದಿ. ಹಗ್ಗ ನನ್ನ ಕೈಯಲ್ಲಿ. ಅವಳು ಬಲಗಾಲನ್ನು ಅಂಚಿನ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟಳು. ಮೊದಲ ಬೆಣೆ ಬಂತು, ಎರಡನೆಯದು ಬಂತು. ಅವಳು ಒಂದು ಗೇಣು ಬಂದರೆ ನಾನು ಒಂದು ಗೇಣು ಹಗ್ಗ ಎಳೆದುಕೊಂಡೆ. ಮೂರನೆಯದನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿ ಹೊಟ್ಟೆಗೆ ಕೈ ಹಾಕಿದಳು.

ಎಡ ಉಬ್ಬು ಹಿಡಿದಳು. ಬಲದ್ದಕ್ಕೆ ಕೈ ಚಾಚಿದಳು. ಬಲಗಾಲು ಜಾರಿತು.

ಹಗ್ಗ ನನ್ನನ್ನು ಸೊಂಟ ಹಿಡಿದು ಎಳೆಯಿತು. ಅಕ್ಕ ಒಂದು ಮಾರು ಈ ಕಡೆ ತೂಗಿ, ಹೊಸ ಬೆಣೆಯ ನೇರ ಕೆಳಗೆ ನೇತಾಡುತ್ತ ನಿಂತಳು. ಅವಳ ಪಾದ ಹಾಸಿನ ಮೇಲೆ ಒಂದು ಗೇಣು ಎತ್ತರದಲ್ಲಿತ್ತು, ಭಾವನ ಎರಡೂ ಕೈ ಅವಳ ಬೆನ್ನಲ್ಲಿದ್ದವು. ಚಪ್ಪಡಿ ಇನ್ನೂ ಮೂರು ಅಡಿ ಆಚೆ, ಬಿಸಿಲು ಕಾಯಿಸಿಕೊಂಡು ಬಿದ್ದಿತ್ತು.

ಅಕ್ಕ ಮೆಲ್ಲಗೆ ಹರಡನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು.

"ಕೈ ತೆಗೀರಿ, ಕಚಗುಳಿ ಆಗತ್ತೆ," ಅಂದಳು ಭಾವನಿಗೆ.

"ನೀನು ಮೇಲೆ ಹೋದ್ರೆ ತೆಗೀತೀನಿ."

ಹೋದಳು. ಅಂಚು ಹಿಡಿದು ಮತ್ತೆ ನಿಂತು, ಜಾರಿದ ಕಡೆಗೇ ಹಿಂದೆ ಸರಿದು, ಸಿಡಿಮಿಡಿಗೊಳ್ಳುತ್ತ, ಈ ಸಲ ಎಡಗಾಲು ಮುಂದಿಟ್ಟು ಹೊಟ್ಟೆ ದಾಟಿದಳು. ಅಲ್ಲಿ ನಿಂತು ಬೆಣೆ ಬಿಚ್ಚಲು ಹೊರಟರೆ ಅದು ಬರುವ ಹಾಗೇ ಕಾಣಲಿಲ್ಲ. ಬೀಳುವಾಗಿನ ಭಾರಕ್ಕೆ ಇನ್ನೂ ಒಳಗೆ ಕಚ್ಚಿಕೊಂಡಿತ್ತು. ಅತ್ತ ಅಲ್ಲಾಡಿಸಿದಳು, ಇತ್ತ ಕುಟ್ಟಿದಳು, ಬೈದಳು. ಹತ್ತು ನಿಮಿಷವಾದರೂ ಆಗಿರಬೇಕು.

ಕಟ್ಟೆಗೆ ಬಂದು ನನ್ನ ಪಕ್ಕ ಕೂತವಳೇ ಅದನ್ನು ನನ್ನ ಮಡಿಲಿಗೆ ಹಾಕಿದಳು. ಅವಳ ಬೆರಳ ಗೆಣ್ಣೆಲ್ಲ ತರಚಿತ್ತು.

"ಇಷ್ಟು ಗಟ್ಟಿ ಹಾಕ್ತಾರೇನೇ ಯಾರಾದ್ರೂ? ಉಗುರೆಲ್ಲ ಹೋಯ್ತು ನಂದು."

"ನಾಳೆ ಹೊಲಿಯೋಕಾಗಲ್ವಾ?"

"ಹೊಲಿಯೋದು ಕಾಲಲ್ಲಿ," ಅಂದಳು ಅಕ್ಕ, ಎರಡೂ ಕಾಲನ್ನು ಕಟ್ಟೆಯಿಂದ ಇಳಿಬಿಟ್ಟು ಆಡಿಸುತ್ತ.